ಅಂಬುಜಾಳ ಹೆಸರಿನಲ್ಲಿ ಅರ್ಚನೆ

ನನ್ನ ಹೆಂಡತಿ ವತ್ಸಲಾ ಕಾದಂಬರಿ ಬರೆಯುತ್ತಾಳೆ ಎಂದರೆ ಜನ ಮೊದಲು ಕೇಳುವುದು, "ಹಾಗಾದ್ರೆ ಅಡುಗೆ ಯಾರು ಮಾಡ್ತಾರೆ ಸಾರ್?" ಎಂದು. ಕೇಳಿದರೆ ಮೈ ಉರಿಯುತ್ತದೆ. ನಾಯಂಡಹಳ್ಳಿಯ ವರ್ಕ್‌ಶಾಪಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಗೇರ್ ಮಾಡಿಸುತ್ತಿದ್ದೇನೆ. ಗೇರ್ ಮಾಡಿಸುವವನ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆಂದು ಈವರೆಗೆ ಒಬ್ಬನೂ ವಿಚಾರಿಸಿಲ್ಲ. ಉತ್ತರ ಬೇಕಿದ್ದರೆ ಇಲ್ಲಿದೆ: ವಾರದ ದಿನ ನಾನು, ವತ್ಸಲಾ, ಅಮ್ಮ ಮೂವರೂ ಸೇರಿ ಹೇಗೋ ಮಾಡುತ್ತೇವೆ, ಭಾನುವಾರ ನಾನೊಬ್ಬನೇ ಮಾಡುತ್ತೇನೆ, ಅವತ್ತು ಎಲ್ಲರೂ ಸ್ವಲ್ಪ ಕಡಿಮೆ ತಿನ್ನುತ್ತಾರೆ.

ವತ್ಸಲಾ ಕೆಂಗೇರಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಆರೂವರೆಗೆ ವಿಜಯನಗರದಲ್ಲಿ ಮೆಟ್ರೋ ಹತ್ತುತ್ತಾಳೆ. ಜನರೆಲ್ಲ ಮೆಜೆಸ್ಟಿಕ್ ಕಡೆ ನುಗ್ಗುವ ಹೊತ್ತಿಗೆ ಇವಳು ಎದುರು ದಿಕ್ಕಿಗೆ ಹೋಗುವುದರಿಂದ ಸೀಟು ಗ್ಯಾರಂಟಿ. ಆ ಇಪ್ಪತ್ತು ನಿಮಿಷ ತೊಡೆಯ ಮೇಲೆ ನೋಟ್‌ಬುಕ್ ಇಟ್ಟು ಬರೆಯುತ್ತಾಳೆ. ಒಮ್ಮೆ ಅತ್ತೆ ಸೊಸೆಯರ ಜಗಳ ಬರೆಯುತ್ತಾ ಕೆಂಗೇರಿ ದಾಟಿ ಚಲ್ಲಘಟ್ಟದವರೆಗೂ ಹೋಗಿಬಿಟ್ಟಳು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದಿದ್ದವರು ಅರ್ಧ ಗಂಟೆ ಹೆಚ್ಚಿಗೆ ಉಪವಾಸವಿದ್ದರು. ಮಧ್ಯಾಹ್ನ ಮೂರರಿಂದ ಐದರವರೆಗೆ ಊಟದ ಮೇಜಿನ ಮೇಲೆ ಅದನ್ನೆಲ್ಲ ತಿದ್ದಿ ಬರೆಯುತ್ತಾಳೆ. ಮಗಳು ಮಾಲವಿಕಾ ರಜೆ ದಿನ ಗೊಣಗುತ್ತಾ ಟೈಪ್ ಮಾಡಿಕೊಡುತ್ತಾಳೆ.

ಎಲ್ಲಕ್ಕಿಂತ ವಿಚಿತ್ರ ನನ್ನ ತಾಯಿ ಯಶೋದಮ್ಮನ ಪಾತ್ರ. ವತ್ಸಲಾಳ ಮೊದಲ ಕಾದಂಬರಿಯಲ್ಲಿ ಮೂರನೇ ಅಧ್ಯಾಯಕ್ಕೆ ಇಪ್ಪತ್ತು ವರ್ಷದವಳಾಗಿದ್ದ ಹುಡುಗಿ ಒಂಬತ್ತನೆಯದಕ್ಕೆ ಹದಿನೆಂಟರವಳಾಗಿದ್ದಳು. ಅಂದಿನಿಂದ ಬರೆಯುವ ಮುಂಚೆ ಎಲ್ಲರಿಗೂ ಹುಟ್ಟಿದ ತಾರೀಖು ಗೊತ್ತುಮಾಡುವ ಕ್ರಮ ಶುರುವಾಯಿತು. ಅಮ್ಮ ಬಿಡುತ್ತಾಳೆಯೇ? "ಬರೀ ತಾರೀಖು ಇಟ್ಕೊಂಡು ಏನ್ಮಾಡ್ತೀಯೇ, ನಕ್ಷತ್ರ ಬೇಡ್ವಾ?" ಎಂದು ಹಳೇ ಪಂಚಾಂಗಗಳನ್ನು ಹರಡಿಕೊಂಡು ಕೂತಳು. ಅವಳಿಗೆ ತಂದೆಯಿಂದ ಕಲಿತ ವಿದ್ಯೆ. ಈಗ ಉದ್ದನೆಯ ಪುಸ್ತಕವೊಂದರಲ್ಲಿ ಪ್ರತಿ ಪಾತ್ರಕ್ಕೂ ಜಾತಕವಿದೆ, ಒಂದೇ ಪುಟದಲ್ಲಿ ಬಂದುಹೋಗುವ ಪೋಸ್ಟ್‌ಮ್ಯಾನ್‌ಗೂ ಇದೆ. ವತ್ಸಲಾಗೆ ಜಾತಕದಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ. ಆದರೆ ವಯಸ್ಸಿನ ಲೆಕ್ಕ ಮತ್ತೆ ತಪ್ಪಿಲ್ಲ.

ಎರಡು ಕಾದಂಬರಿಗಳು ಅರ್ಧಕ್ಕೇ ನಿಂತು ಅಟ್ಟ ಸೇರಿದ್ದವು. ಮೂರನೆಯದು ಇಪ್ಪತ್ತೊಂದು ಅಧ್ಯಾಯ ದಾಟಿತ್ತು. ಯುಗಾದಿಯೊಳಗೆ ಮುಗಿಸಿ ಕೊಟ್ಟರೆ ಅಚ್ಚು ಹಾಕುತ್ತೇನೆಂದು ರಾಜಾಜಿನಗರದ ಒಬ್ಬ ಪ್ರಕಾಶಕರು ಮಾತು ಕೊಟ್ಟಿದ್ದರು. ಇದೂ ನಿಂತರೆ ಇನ್ನು ಬರೆಯುವುದಿಲ್ಲ ಎಂದು ವತ್ಸಲಾ ನನ್ನ ಬಳಿ ಹೇಳಿದ್ದಳು. ಅವಳು ಸುಮ್ಮನೆ ಮಾತಾಡುವ ಹೆಂಗಸಲ್ಲ, ನನಗೆ ಒಳಗೊಳಗೇ ಭಯವಿತ್ತು.

ಜನವರಿಯ ಒಂದು ಶನಿವಾರ ಅತ್ತೆ ಸೊಸೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಕಥಾನಾಯಕಿ ಅಂಬುಜಾಳ ಗಂಡ ಆಗಷ್ಟೇ ತೀರಿಕೊಂಡಿದ್ದ. ಮುಂದಿನ ಅಧ್ಯಾಯದಲ್ಲಿ ಅಂಬುಜಾ ಕೊರಗಿ, ಹಾಸಿಗೆ ಹಿಡಿದು, ತಿಂಗಳೊಳಗೆ ಸಾಯುತ್ತಾಳೆ ಎಂದು ವತ್ಸಲಾ ಹೇಳಿದಳು. ಅಮ್ಮ ತಟ್ಟೆ ಕೆಳಗಿಟ್ಟಳು.

"ಸಾಯೋದಾ? ಅವಳ ಆಯಸ್ಸು ಎಂಬತ್ತರ ಮೇಲಿದೆ ಕಣೇ."

"ಅತ್ತೆ, ಇದು ಕಥೆ."

"ಆದ್ರೇನು? ನನ್ನ ಕೈಲಿ ಜಾತಕ ಬರೆಸ್ಕೊಂಡು ನಿನ್ನಿಷ್ಟಕ್ಕೆ ಸಾಯಿಸ್ತೀಯಾ? ನಾನಂತೂ ಕೇಳಲ್ಲ."

ಕೇಳಲೂ ಇಲ್ಲ. ವತ್ಸಲಾ ನೋಟ್‌ಬುಕ್ ತೆಗೆದರೆ ಅಮ್ಮ ಎದ್ದು ಬಾಲ್ಕನಿಗೆ ಹೋಗುವಳು. ಹತ್ತು ದಿನ ಹೀಗೇ ನಡೆಯಿತು. ವತ್ಸಲಾ ಆ ಸಾವನ್ನು ಮೆಟ್ರೋದಲ್ಲಿ ಮೂರು ಸಲ ಬರೆದು ಮೂರು ಸಲ ಹರಿದಳು. ಕೊನೆಗೆ ನನಗೇ ರೇಗಿತು. "ಅಮ್ಮಾ, ನಿನ್ನ ಹಟದಿಂದ ಅವಳ ಪುಸ್ತಕ ನಿಂತುಹೋಗುತ್ತೆ" ಎಂದೆ. "ನಾಳೆ ದೇವಸ್ಥಾನಕ್ಕೆ ಕರ್ಕೊಂಡು ಹೋಗೋ ಶ್ಯಾಮ" ಎಂದಳು, ನನ್ನ ಮಾತು ಕಿವಿಗೇ ಬೀಳದವಳ ಹಾಗೆ.

ಮಾರೇನಹಳ್ಳಿಯ ದೇವಸ್ಥಾನದ ಅರ್ಚಕರು ನಾಣಿ ಭಟ್ಟರು. ನಮ್ಮ ಮನೆಯವರೆಲ್ಲರ ಗೋತ್ರ, ನಕ್ಷತ್ರ ಅವರಿಗೆ ಬಾಯಿಪಾಠ.

"ಅರ್ಚನೆ ಯಾರ ಹೆಸರಿಗಮ್ಮ?"

"ಅಂಬುಜಾ. ಕಾಶ್ಯಪ ಗೋತ್ರ, ರೇವತಿ ನಕ್ಷತ್ರ."

"ಯಾರಮ್ಮ ಅದು? ಗೋತ್ರ, ನಕ್ಷತ್ರ ಎರಡೂ ನಿಮ್ಮದೇ ಅಲ್ವಾ?"

"ಮನೆಯವಳೇ. ನೀವು ಮಾಡಿ."

ಕಾದಂಬರಿಯ ಹೆಂಗಸಿಗೆ ಅರ್ಚನೆ! ನಗು ಉಕ್ಕಿ ಬಂತು, ಅಷ್ಟರಲ್ಲಿ ಲೆಕ್ಕ ಹೊಳೆಯಿತು. ಅಂಬುಜಾ ಹುಟ್ಟಿದ್ದು ನಲವತ್ತೈದರಲ್ಲಿ, ವಿಧವೆಯಾದದ್ದು ಮೂವತ್ತನಾಲ್ಕನೇ ವಯಸ್ಸಿನಲ್ಲಿ. ನನ್ನ ತಾಯಿಯೂ ಹಾಗೆಯೇ. ಆಗ ನನಗೆ ಏಳು ವರ್ಷ.

ಮನೆಗೆ ಬಂದು ವತ್ಸಲಾಗೆ ಎಲ್ಲ ಹೇಳಿದೆ. ಅವಳು ಅಮ್ಮನ ಪಕ್ಕ ನೆಲದ ಮೇಲೆ ಕೂತಳು.

"ಮೊದಲೇ ಯಾಕೆ ಹೇಳ್ಲಿಲ್ಲ ಅತ್ತೆ?"

"ನಲವತ್ತೈದನೇ ಇಸವಿಯವಳು ಬೇಕು ಅಂದೆ. ಪಂಚಾಂಗ ಹುಡುಕೋ ಶ್ರಮ ಯಾಕೆ ಅಂತ ನಂದೇ ಬರ್ಕೊಟ್ಟೆ." ಅಮ್ಮ ಪ್ರಸಾದದ ಬಾಳೆಹಣ್ಣು ಸುಲಿದು ಅವಳ ಕೈಗಿಟ್ಟಳು. "ನೀನು ಅವಳನ್ನ ಸಾಯಿಸ್ತೀನಿ ಅಂದಾಗ ನಂಗೆ ಕೋಪ ಬಂತು."

"ನಿಜ ಹೇಳ್ತೀನಿ ಅತ್ತೆ. ಗಂಡ ಹೋದ ಮೇಲೆ ಅವಳು ಏನ್ಮಾಡ್ತಾಳೆ ಅಂತ ನಂಗೆ ಹೊಳೀಲೇ ಇಲ್ಲ. ಅದಕ್ಕೇ ಸಾಯಿಸಿಬಿಡೋಣ ಅಂದ್ಕೊಂಡೆ."

"ನನ್ನ ಕೇಳ್ಬೇಕಿತ್ತು. ಹದಿಮೂರನೇ ದಿನದ ಊಟ ಮುಗಿಸಿ ನೆಂಟರೆಲ್ಲ ಹೋದ್ರಾ? ಮಾರನೇ ಬೆಳಿಗ್ಗೆ ನಾನೊಬ್ಬಳೇ ಬಸ್ಸು ಹತ್ತಿ ರಾಜಾಜಿನಗರಕ್ಕೆ ಹೋಗಿ, ಹೋಟ್ಲಲ್ಲಿ ಕೂತ್ಕೊಂಡು ಮಸಾಲೆ ದೋಸೆ ತಿಂದೆ."

ಟೈಪ್ ಮಾಡುತ್ತಿದ್ದ ಮಾಲವಿಕಾ ಕೈ ನಿಲ್ಲಿಸಿದಳು.

"ಅತ್ತೂ ಅತ್ತೂ ಸಾಕಾಗಿತ್ತು. ಹೊಟ್ಟೆ ಹಸಿದಿತ್ತು. ತಿಂದು ಕೈ ತೊಳೆಯೋವಾಗ, ಇನ್ನು ಕೆಲಸ ಹುಡುಕ್ಬೇಕು ಅನ್ನಿಸ್ತು. ಶ್ಯಾಮಂಗೂ ಒಂದು ಕಟ್ಟಿಸ್ಕೊಂಡು ಬಂದೆ. ಮಾವ ತಂದಿದ್ದು ಅಂತ ಸುಳ್ಳು ಹೇಳ್ದೆ."

ಆ ದೋಸೆ ನನಗೆ ಚೆನ್ನಾಗಿ ನೆನಪಿದೆ. ನಲವತ್ತೈದು ವರ್ಷ ನಾನು ಸೋದರಮಾವನನ್ನು ದೇವರೆಂದು ತಿಳಿದಿದ್ದೆ. ಅವತ್ತು ಅಮ್ಮನ ಕಾಲ ಬಳಿ ಕೂತು, ಐವತ್ತೆರಡರ ಗಂಡಸು, ನಗುತ್ತಲೇ ಅತ್ತುಬಿಟ್ಟೆ.

ವತ್ಸಲಾ ಒಂದೇ ವಾರದಲ್ಲಿ ಆ ಅಧ್ಯಾಯ ಮುಗಿಸಿದಳು. ಇನ್ನೂ ನಾಲ್ಕು ತಾವಾಗಿ ಬಂದವು. ಅಂಬುಜಾ ಬದುಕಿದಳು, ದುಡಿದಳು, ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಯುಗಾದಿಗೆ ಒಂಬತ್ತು ದಿನ ಬಾಕಿ ಇರುವಾಗ ಇಪ್ಪತ್ತಾರು ಅಧ್ಯಾಯಗಳೂ ಮೇಜಿನ ಮೇಲಿದ್ದವು. ಪ್ರಕಾಶಕರಿಗೆ ಕೊಡುವ ಮುಂಚೆ ದೋಸೆಯ ಭಾಗವನ್ನು ಅಮ್ಮನಿಗೆ ಓದಿ ಹೇಳಿದಳು. ಅಮ್ಮ ಕಣ್ಣು ಮುಚ್ಚಿ ಕೇಳಿದಳು.

ನಾನು ತಡೆಯಲಾರದೆ ಕೇಳಿದೆ: "ಅಮ್ಮಾ, ಆ ಕಾಲದಲ್ಲಿ, ಅಷ್ಟು ಜನರ ಮಧ್ಯೆ ಒಬ್ಬಳೇ ಕೂತು ತಿನ್ನೋಕೆ ನಿಂಗೆ ಭಯ ಆಗ್ಲಿಲ್ವಾ?"

"ಆಯ್ತು ಕಣೋ" ಎಂದಳು ಅಮ್ಮ. "ಅದಕ್ಕೇ ಎರಡು ತಿಂದೆ."

ವತ್ಸಲಾ ಪೆನ್ನು ತೆಗೆದು, 'ಒಂದು ದೋಸೆ' ಎಂದಿದ್ದನ್ನು ಹೊಡೆದು ಎರಡು ಎಂದು ಬರೆದಳು.