ಮೊದಲು ಕೆಡಬೇಕಾದ ಗಂಟೆ

ಸೋಲದೆ ಯಾರೂ ಏನನ್ನೂ ಕಲಿತಿಲ್ಲ. ಮನುಕುಲದ ಇತಿಹಾಸವೇ ಇದಕ್ಕೆ ಸಾಕ್ಷಿ. ಹಾಗೆಂದೇ ನಮ್ಮ ಶಾಲೆಯಲ್ಲಿ ಸೋಲನ್ನು ಒಂದು ವಾರ ತಾಲೀಮು ಮಾಡಿಸಿದೆವು.

ಶಿರಗುಪ್ಪಿಯಿಂದ ಆಚೆ, ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಸಾಗುವ ರಸ್ತೆಗೆ ಅಂಟಿಕೊಂಡಿದೆ ನಮ್ಮ ಶಾಲೆ. ನಾನು ಅಲ್ಲಿ ಕನ್ನಡ ಮಾಸ್ತರ. ನನ್ನಂಥವನಿಗೆ ತಂತಿ, ಬ್ಯಾಟರಿಯ ಗೊಡವೆ ಹೇಗೆ ಅಂಟಿತೆಂದರೆ, ಚಿಕ್ಕೋಡಿಯ ತರಬೇತಿಗೆ ಪ್ರತಿ ಶಾಲೆಯಿಂದ ಇಬ್ಬರು ಬರಬೇಕೆಂದು ಆದೇಶವಿತ್ತು. ಒಬ್ಬರು ವಿಜ್ಞಾನದ ಶಿಕ್ಷಕಿ. ಇನ್ನೊಬ್ಬರು ಯಾರಾದರೂ ಆಗಬಹುದಿತ್ತು, ನಾನಾದೆ.

ತರಬೇತಿಯಲ್ಲಿ ನಮ್ಮ ತಲೆಗೆ ತುಂಬಿದ್ದು ಇಷ್ಟು: ಮಕ್ಕಳು ತಮ್ಮ ಕೈಯಿಂದಲೇ ಮಾಡಬೇಕು, ಕೆಡಿಸಬೇಕು, ತಾವೇ ಸರಿಪಡಿಸಬೇಕು. ಆ ಹೊತ್ತಿನಲ್ಲಿ ಶಿಕ್ಷಕರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸುಮ್ಮನೆ ನಿಲ್ಲಬೇಕು. ಕೈ ಮುಂದೆ ಕಟ್ಟಿ ನಿಲ್ಲುವುದರಲ್ಲಿ ನಮ್ಮದು ದೀರ್ಘ ಅನುಭವ. ಹಿಂದೆ ಕಟ್ಟುವುದು ಹೊಸದು.

ತರಬೇತಿಯ ಬೆನ್ನಿಗೇ ಸಾಮಾನಿನ ಪೆಟ್ಟಿಗೆಗಳು ಬಂದವು. ಮೋಟಾರು, ಬಜರ್, ತಂತಿಯ ಸುರುಳಿ, ಇಕ್ಕಳ, ಒಂದು ಸಣ್ಣ ಡ್ರಿಲ್ಲು. ಬಂದದ್ದು ಮಾತ್ರ ಪರೀಕ್ಷಾರ್ಥ. ಅಧಿಕಾರಿಯೊಬ್ಬರು ಬಂದು ಒಂದು ಪಾಠ ನೋಡುತ್ತಾರೆ; ಒಪ್ಪಿದರೆ ಪೆಟ್ಟಿಗೆಗಳು ನಮ್ಮವು, ಇಲ್ಲವಾದರೆ ಅಥಣಿ ಕಡೆಯ ಇನ್ನೊಂದು ಶಾಲೆಗೆ. ಆ ಶಾಲೆಯವರು ಆಗಲೇ ಫೋನ್ ಮಾಡಿ ಪೆಟ್ಟಿಗೆಗಳ ಉದ್ದಗಲ ಕೇಳಿದ್ದರು.

ಅವು ಹೋದರೆ ನನಗೇನೂ ನಷ್ಟವಿರಲಿಲ್ಲ. ಸಂಧಿ ಬಿಡಿಸಲು ಇಕ್ಕಳ ಬೇಕಾಗುವುದಿಲ್ಲ. ನಷ್ಟವೆಲ್ಲ ವಿಜ್ಞಾನದ ಶಿಕ್ಷಕಿಗೆ. ಶೇಡಬಾಳದಿಂದ ದಿನಾ ಬಂದು ಹೋಗುವ ಆಕೆ ಇಷ್ಟು ವರ್ಷ ಹಲಗೆಯ ಮೇಲೆ ಬ್ಯಾಟರಿ ಬರೆದು, ಬಲ್ಬು ಬರೆದು, ಬಲ್ಬಿನ ಸುತ್ತ ಕಿರಣಗಳ ಗೆರೆ ಎಳೆದು, "ಈಗ ಹತ್ತೇತಿ ಅಂತ ತಿಳಕೋರಿ" ಎನ್ನುತ್ತ ಬಂದವರು. ಮಕ್ಕಳೂ ತಿಳಿದುಕೊಳ್ಳುತ್ತ ಬಂದಿದ್ದರು. ಪೆಟ್ಟಿಗೆ ಬಂದ ದಿನ ಆಕೆ ಮುರಿದ ಬೆಂಚುಗಳ ಕೋಣೆಯನ್ನು ತಾವೇ ಗುಡಿಸಿ, ಮೊದಲ ಬಲ್ಬು ಹತ್ತಿಸಿ, ಮಕ್ಕಳ ಮುಖ ನೋಡಿ ನನ್ನ ಕಡೆ ತಿರುಗಿದರು.

"ಸರ, ಇನ್ನ ತಿಳಕೋರಿ ಅಂತ ಹೇಳೂದು ನನ್ನ ಕಡಿಂದ ಆಗಂಗಿಲ್ಲ ನೋಡ್ರಿ."

ಹೆಡ್‌ಮಾಸ್ತರರು ನಿಪ್ಪಾಣಿಯವರು. ಧೈರ್ಯವಿದ್ದಾಗ ಕನ್ನಡದಲ್ಲಿ, ಹೆದರಿದಾಗ ಮರಾಠಿಯಲ್ಲಿ ಮಾತಾಡುವವರು. ಅವರ ಸೇವಾವಧಿಯಲ್ಲಿ ತಾಲೀಮಿಲ್ಲದ ಮಾದರಿ ಪಾಠ ಒಂದೂ ನಡೆದಿರಲಿಲ್ಲ.

"ಹುಡುಗ್ರು ಕೆಡಸಬೇಕು ಅಂತ ಹೇಳ್ಯಾರ. ಅವತ್ತ ಕೆಡಲಿಲ್ಲ ಅಂದ್ರ? ಹ್ಯಾಂಗ ಕೆಡಬೇಕು, ಯಾರ ಕೈಯಾಗ ಕೆಡಬೇಕು, ಎಲ್ಲಾ ಮದ್ಲ ಫಿಕ್ಸ್ ಮಾಡ್ರಿ."

ಶಿಕ್ಷಕಿ ಬೇಡವೆಂದರು. "ಅಕ್ಕಾರ, ಪೆಟಗಿ ಬೇಕೋ ಬ್ಯಾಡೋ?" ಎಂದು ಹೆಡ್‌ಮಾಸ್ತರರು ಕೇಳಿದ್ದಕ್ಕೆ ಒಪ್ಪಿಕೊಂಡರು. ಶಾಲೆಯ ಸಮ್ಮೇಳನಕ್ಕೆ ನಾಟಕ ಬರೆಯುವವನು ನಾನೇ ಆದ್ದರಿಂದ ಸಂಭಾಷಣೆ ನನ್ನ ಪಾಲಿಗೆ ಬಂತು.

ಮಾಡುವ ವಸ್ತು, ನೀರಿನ ಟಾಕಿ ತುಂಬಿದರೆ ಕೂಗುವ ಗಂಟೆ. ಬಕೆಟ್ಟಿನಲ್ಲಿ ಒಂದು ಥರ್ಮಾಕೋಲ್ ತುಂಡು, ಅದರ ತಲೆಗೆ ಬೆಳ್ಳಿಯಂಥ ಹಾಳೆ. ನೀರು ಏರಿದಂತೆ ಅದು ತೇಲಿ ಬಂದು ಬಕೆಟ್ಟಿನ ಬಾಯಲ್ಲಿರುವ ಎರಡು ಮೊಳೆಗಳನ್ನು ಮುಟ್ಟಿದರೆ ಬಜರ್ ಕೂಗುತ್ತದೆ. ನನ್ನ ನಾಟಕದ ಪ್ರಕಾರ ಏಳನೆಯ ತರಗತಿಯ ಒಬ್ಬ ಹುಡುಗಿ ಕರಿ ತಂತಿ ಸಿಕ್ಕಿಸಲು ಮರೆಯಬೇಕು. ಬಜರ್ ಕೂಗಬಾರದು. ಎಲ್ಲರೂ ಗದ್ದಕ್ಕೆ ಕೈ ಹಚ್ಚಿ ವಿಚಾರ ಮಾಡಬೇಕು. ಆಮೇಲೆ ಅವಳೇ "ಅಯ್ಯ, ಕರಿ ವಾಯರ್!" ಎಂದು ಕಂಡುಹಿಡಿಯಬೇಕು. ಆ ಒಂದು "ಅಯ್ಯ"ದ ಮೇಲೆ ನಾನು ಬಹಳ ದುಡಿದೆ.

ಪಾಠದ ದಿನ ಅಧಿಕಾರಿ ಕಬ್ಬಿನ ಟ್ರಾಲಿಗಳ ಹಿಂದೆ ಸಿಕ್ಕಿಕೊಂಡು ತಡವಾಗಿ, ಸಿಟ್ಟಿನಲ್ಲೇ ಜೀಪು ಇಳಿದರು. ಚಹಾ ಬೇಡ ಎಂದರು. ಚಹಾ ಬೇಡವೆನ್ನುವ ಅಧಿಕಾರಿಯನ್ನು ಕಂಡು ಹೆಡ್‌ಮಾಸ್ತರರು ಬಾಗಿಲಲ್ಲೇ ಅರ್ಧ ಮರಾಠಿಯಾದರು.

ಶಿಕ್ಷಕಿ ಕೈ ಹಿಂದೆ ಕಟ್ಟಿದರು. ಹುಡುಗಿ ತಂತಿ ಸಿಕ್ಕಿಸಿದಳು. ಅವಳ ಗೆಳತಿ ನೀರು ಸುರಿದಳು. ಥರ್ಮಾಕೋಲ್ ಮೆಲ್ಲಗೆ ಏರಿತು. ಬಜರ್ ಕೂಗಿತು.

ಕೂಗಬಾರದಿತ್ತು. ಹೆದರಿಕೆಯಲ್ಲಿ ಹುಡುಗಿ ಎಲ್ಲ ತಂತಿಗಳನ್ನೂ ಸರಿಯಾಗಿಯೇ ಸಿಕ್ಕಿಸಿಬಿಟ್ಟಿದ್ದಳು. ತರಗತಿಯಲ್ಲಿ ಒಂದು ಮಗುವೂ ನಗಲಿಲ್ಲ. "ಬರೋಬರಿ ಆತು ಬೇ! ಈಗೇನ ಮಾಡೂದು?" ಎಂದು ಗೆಳತಿ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿತು. ಹುಡುಗಿ ನನ್ನ ಕಡೆ ನೋಡಿದಳು. ನಾನು ಗಂಭೀರವಾಗಿ ಛಾವಣಿ ನೋಡಿದೆ. ಅವಳು ಕರಿ ತಂತಿಗೆ ಕೈ ಹಾಕಿ ಜಗ್ಗಿದಳು. ಬಜರ್ ನಿಂತಿತು.

"ಅಯ್ಯ, ಕರಿ ವಾಯರ್!" ಎಂದು ಮತ್ತೆ ಸಿಕ್ಕಿಸಿದಳು. "ಅಯ್ಯ" ಚೆನ್ನಾಗಿಯೇ ಬಂತು. ಬಜರ್ ಕೂಗಲಿಲ್ಲ.

"ಕೂಗಾಕತ್ತಿತ್ತಲ್ಲ," ಎಂದರು ಅಧಿಕಾರಿ. "ಯಾಕ ಜಗ್ಗಿದಿ?"

"ಮದ್ಲ ಕೆಡಬೇಕಾಗಿತ್ರಿ ಸರ."

"ಯಾರ ಹೇಳಿದ್ರು?"

"ಪ್ರಾಕ್ಟೀಸ್‌ದಾಗ ಹಂಗ ಇತ್ರಿ."

"ಆತಾ ಸಂಪಲಂ," ಎಂದು ಹೆಡ್‌ಮಾಸ್ತರರು ಗೋಡೆಗೆ ಹೇಳಿದರು. ಎಲ್ಲ ಮುಗಿಯಿತು ಎಂದರ್ಥ. ಗಡಿಯ ಊರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅಧಿಕಾರಿ ಶಿಕ್ಷಕಿಯ ಕಡೆ ತಿರುಗಿದರು. ಆಕೆಯ ಕೈ ಇನ್ನೂ ಹಿಂದೆಯೇ ಇತ್ತು.

"ಈಗ?"

"ಈಗ ಖರೇನ ಕೆಟ್ಟೈತ್ರಿ."

ಅಧಿಕಾರಿ ಕುರ್ಚಿ ಎಳೆದುಕೊಂಡು ಕೂತರು. "ಹಂಗಾರ ಈಗ ಪಾಠ ಚಾಲೂ ಮಾಡ್ರಿ."

ಇಲ್ಲಿಂದ ಮುಂದಕ್ಕೆ ನಾನು ಸಂಭಾಷಣೆ ಬರೆದಿರಲಿಲ್ಲ. ಮಕ್ಕಳು ಬ್ಯಾಟರಿ ಬದಲಿಸಿದರು, ಇಲ್ಲ. ಬೆಳ್ಳಿ ಹಾಳೆಯನ್ನು ಲಂಗದ ಅಂಚಿನಿಂದ ಒರೆಸಿದರು, ಇಲ್ಲ. ಹೊರಗೆ ಜೀಪಿನ ಚಾಲಕ ಹಾರ್ನ್ ಬಾರಿಸಿದ. "ನೀನ ಕೆಡಸಿದಿ, ನೀನ ಮಾಡ" ಎಂದು ಗೆಳತಿ ಸಿಡುಕಿದಳು. ಹುಡುಗಿಯ ಕಣ್ಣು ತುಂಬಿಕೊಂಡಿತು. ಶಿಕ್ಷಕಿಯ ನೋಟ ಮಾತ್ರ ಕರಿ ತಂತಿಯ ನಡುಮಧ್ಯದಲ್ಲಿ ಒಂದು ಕಡೆ ನೆಟ್ಟಿತ್ತು. ಆಕೆಗೆ ಗೊತ್ತಾಗಿತ್ತು.

ನಾನು ಆಕೆಯ ಕಿವಿಯತ್ತ ಬಗ್ಗಿ, "ಅಕ್ಕಾರ, ಒಂದ ಮಾತ ಹೇಳಿಬಿಡ್ರಿ. ಪೆಟಗಿ ಅಥಣಿಗೆ ಹೊಕ್ಕಾವ" ಎಂದೆ.

"ಹೇಳಿದ್ರ ಮತ್ತ ತಿಳಕೋರಿ ಅಂದಂಗ ಆತ್ರಿ ಸರ," ಎಂದರು. ಅವರ ಬೆನ್ನ ಹಿಂದೆ ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಕಳ್ಳನನ್ನು ಹಿಡಿದಂತೆ ಹಿಡಿದಿತ್ತು.

ತಡೆದುಕೊಳ್ಳಲು ಆಗದೆ ಹೋದದ್ದು ಅಧಿಕಾರಿಗೆ. ಅವರು ಕುರ್ಚಿಯಿಂದಲೇ ಮುಂದಕ್ಕೆ ಬಾಗಿ, "ತಾ ಇಲ್ಲೆ, ನೋಡೂಣು" ಎಂದು ತಂತಿಗೆ ಕೈ ಚಾಚಿದರು.

"ಸರ, ಕೈ," ಎಂದರು ಶಿಕ್ಷಕಿ.

ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡರು. ರಸ್ತೆಯಲ್ಲಿ ಒಂದು ಟ್ರ್ಯಾಕ್ಟರು ಹಾಡುತ್ತ ಬಂದು, ಹಾಡುತ್ತ ಹೋಯಿತು. ಅಧಿಕಾರಿ ತಮ್ಮ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದರು. ಆಮೇಲೆ ಕುರ್ಚಿಯ ಬೆನ್ನಿಗೆ ಅಡ್ಡವಾಗಿ, ಕಷ್ಟಪಟ್ಟು, ಎರಡೂ ಕೈಗಳನ್ನು ಹಿಂದೆ ಕಟ್ಟಿದರು.

ಹುಡುಗಿ ಮೂಗು ಒರೆಸಿಕೊಂಡು ಬಜರನ್ನು ಬಿಚ್ಚಿ ನೇರವಾಗಿ ಬ್ಯಾಟರಿಗೆ ಮುಟ್ಟಿಸಿದಳು. ಅದು ಕಿರುಚಿತು.

"ಇದು ಚಲೋ ಐತಿ. ಬ್ಯಾಟರೀನೂ ಚಲೋ ಐತಿ," ಎಂದಳು.

"ಹಂಗಾರ ನಡಬರಕ, ವಾಯರ್‌ದಾಗ, ಏನೋ ಆಗೇತಿ," ಎಂದಳು ಗೆಳತಿ, ಸಿಡುಕು ಬಿಟ್ಟು.

ಕೆಂಪು ತಂತಿ ತೆಗೆದು ಹೊಸದು ಹಾಕಿದರು; ಇಲ್ಲ. ಕರಿ ತಂತಿ ತೆಗೆದರು. ಸುರುಳಿಯಿಂದ ಹೊಸ ತುಂಡು ಕತ್ತರಿಸಿ, ತುದಿ ಸುಲಿದು ಸಿಕ್ಕಿಸಿದರು. ಬಜರ್ ಕೂಗಿತು. ಹುಡುಗಿ ಹಳೆಯ ತಂತಿಯ ಮೈಯನ್ನು ಇಕ್ಕಳದಿಂದ ಸೀಳಿ ನೋಡಿದಳು. ಮೇಲಿನ ಹೊದಿಕೆ ಸರಿಯಾಗಿತ್ತು, ಒಳಗೆ ತಾಮ್ರ ತುಂಡಾಗಿತ್ತು. ಈ ಸಲ ಯಾರೂ "ಅಯ್ಯ" ಎನ್ನಲಿಲ್ಲ.

ಅಧಿಕಾರಿ ಎದ್ದು, ಚಹಾ ತರಿಸಿಕೊಂಡು ಕುಡಿದು, ಜೀಪು ಹತ್ತಿದರು.

ಮರುವಾರ ಹೆಡ್‌ಮಾಸ್ತರರಿಗೆ ಅಧಿಕಾರಿಯ ಕಚೇರಿಯಿಂದ ಫೋನ್ ಬಂತು. ಪೆಟ್ಟಿಗೆಗಳು ನಮ್ಮ ಶಾಲೆಯಲ್ಲೇ ಉಳಿದವು.