ಉಗ್ಗುವವರ ಗುಂಪು

ನನಗೆ ಉಗ್ಗು. ಅದರಲ್ಲೂ ‘ಕ’ ಬಂತೆಂದರೆ ಮುಗಿಯಿತು, ಗಂಟಲಲ್ಲೇ ಕೂತುಬಿಡುತ್ತದೆ. ಮೊದಲು ನಮ್ಮೂರು ಗುಲ್ಬರ್ಗಾ ಆಗಿತ್ತು, ಹೇಗೋ ಹೊರಬೀಳುತ್ತಿತ್ತು. ಅದನ್ನು ಕಲಬುರಗಿ ಮಾಡಿದ ದಿನ ಊರೆಲ್ಲ ಸಂಭ್ರಮಪಟ್ಟಿತು; ನಾನೊಬ್ಬಳು ಖೂಬಾ ಪ್ಲಾಟ್ ಬಡಾವಣೆಯ ಮನೆಯಲ್ಲಿ ಕೂತು ಹಲ್ಲು ಕಡಿದೆ. ನನ್ನನ್ನೊಂದು ಮಾತು ಕೇಳಬಾರದಿತ್ತೇ?

ಆ ಸಿಟ್ಟು ತೋಡಿಕೊಳ್ಳಲು ನನಗೊಂದು ಜಾಗವಿತ್ತು. ಇಂಟರ್ನೆಟ್ಟಿನಲ್ಲಿ ಉಗ್ಗುವವರದೇ ಒಂದು ಗುಂಪು, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುತ್ತಿದ್ದ ಕಾಲದ್ದು. ಹೆಸರು ಹೇಳುವುದೇ ನಮಗೆಲ್ಲ ದೊಡ್ಡ ಸಂಕಟ, ಹಾಗಾಗಿ ಅಲ್ಲಿ ಯಾರಿಗೂ ಹೆಸರಿರಲಿಲ್ಲ. ಒಬ್ಬರು ರಾಯಚೂರು, ಒಬ್ಬರು ಹುಬ್ಬಳ್ಳಿ, ನಾನು ಖೂಬಾ ಪ್ಲಾಟ್. ಪ್ರತಿ ಭಾನುವಾರ, ಆ ವಾರ ಬಾಯಲ್ಲಿ ಸಿಕ್ಕಿಕೊಂಡ ಮಾತನ್ನು ಎಲ್ಲರೂ ಬರೆಯಬೇಕು. ರಾಯಚೂರಿನವರು ಹೆಣ್ಣು ನೋಡಲು ಹೋದಾಗ ತಮ್ಮ ಹೆಸರು ಹೊರಡದೆ, ಸಲೀಸಾಗಿ ಬಂದ ತಮ್ಮನ ಹೆಸರನ್ನು ಹೇಳಿಬಿಟ್ಟಿದ್ದರಂತೆ. ಮದುವೆಯೂ ಆಯಿತು. ಮಾವ ಈಗಲೂ ಅದೇ ಹೆಸರಿನಿಂದ ಕರೆಯುತ್ತಾರೆ ಎಂದು ಬರೆದಿದ್ದರು. ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಬೇರೆಯವರು ನಕ್ಕಿದ್ದರೆ ಜಗಳಕ್ಕೆ ಹೋಗುತ್ತಿದ್ದೆ.

ನನಗೆ ಎಲ್ಲರಿಗಿಂತ ಹತ್ತಿರದವರು ಕಮಲಾಪುರದ ಅಕ್ಕ. ಅವರ ಮನೆಯವರದು ಹಿಟ್ಟಿನ ಗಿರಣಿ. ಗಿರಣಿಯ ಸದ್ದಿನಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ, ಅಲ್ಲಿ ನಾನೂ ಎಲ್ಲರಂತೆ ಎಂದು ಬರೆಯುತ್ತಿದ್ದರು. ನಾನು ಕೆಲಸದ ಸಂದರ್ಶನದಲ್ಲಿ ಬಾಯಿ ಕಟ್ಟಿ, ಅಳುತ್ತಾ ಮನೆಗೆ ಬಂದ ದಿನ ಗುಂಪಿನಲ್ಲಿ ಎರಡೇ ಸಾಲು ಬರೆದಿದ್ದೆ. ಅಕ್ಕ ಅವತ್ತು ಅರ್ಧ ಗಂಟೆಗೊಮ್ಮೆ ಬರೆದರು. ‘ಊಟ ಮಾಡಿದೇನು?’ ‘ಮುಖ ತೊಳಕೊಂಡೇನು?’ ನನ್ನ ಮನೆಯಲ್ಲೇ ಯಾರೂ ಹಾಗೆ ಕೇಳಿರಲಿಲ್ಲ. ಒಂದು ತಾಸಿನ ದಾರಿಯಲ್ಲಿದ್ದೂ ನಾವು ಭೇಟಿಯಾಗಲಿಲ್ಲ. ಭೇಟಿಯಾದರೆ ಮಾತಾಡಬೇಕಾಗುತ್ತದಲ್ಲ! ಫೋನ್ ನಂಬರನ್ನಂತೂ ಯಾರೂ ಕೊಡುತ್ತಿರಲಿಲ್ಲ. ಫೋನೆಂದರೆ ನಮಗೆಲ್ಲ ಯಮ.

ಆಮೇಲೆ ಯಾರೋ ಪುಣ್ಯಾತ್ಮರು ಫೋನ್ ಮಾಡುವುದಿಲ್ಲವೆಂದು ಆಣೆ ಹಾಕಿ ನಂಬರ್ ಇಸಿದುಕೊಂಡು, ಎಲ್ಲರನ್ನೂ ಮೊಬೈಲ್ ಗ್ರೂಪಿಗೆ ಎಳೆದೊಯ್ದರು. ದಿನಕ್ಕೊಂದು ವಾಯ್ಸ್ ಮೆಸೇಜ್ ಕಳಿಸಿ, ಧೈರ್ಯ ಬರುತ್ತದೆ ಎಂದು ಅಪ್ಪಣೆ ಬೇರೆ. ಧೈರ್ಯ ಬರಲಿಲ್ಲ, ಜನ ಹೋದರು. ರಾಯಚೂರಿನವರು ಹೋದರು, ಹುಬ್ಬಳ್ಳಿಯವರು ಹೋದರು, ಯಾರೂ ಹೇಳಿ ಹೋಗಲಿಲ್ಲ. ಅಕ್ಕ ಮಾತ್ರ ಆ ಗ್ರೂಪಿಗೆ ಬರದೆ ಹಳೆಯ ಜಾಗದಲ್ಲೇ ಉಳಿದಿದ್ದರು. ನಾನೂ ಇವತ್ತು ಹೋಗೋಣ, ನಾಳೆ ಹೋಗೋಣ ಎಂದುಕೊಳ್ಳುತ್ತಲೇ ಅಲ್ಲಿಗೆ ಹೋಗುವುದನ್ನು ಬಿಟ್ಟೆ.

ಕಳೆದ ವರ್ಷ ಒಂದು ಮೇಲ್ ಬಂತು: ಆ ತಾಣ ತಿಂಗಳ ಕೊನೆಗೆ ಮುಚ್ಚುತ್ತದೆ, ಬೇಕಾದ್ದನ್ನು ತೆಗೆದಿಟ್ಟುಕೊಳ್ಳಿ. ಪಾಸ್‌ವರ್ಡ್ ನೆನಪಿಸಿಕೊಂಡು ಒಳಗೆ ಹೋದೆ. ಎಲ್ಲಕ್ಕಿಂತ ಮೇಲೆ ಅಕ್ಕನದೊಂದು ಬರಹ, ಒಂಬತ್ತು ತಿಂಗಳು ಹಳೆಯದು. ‘ನನ್ನ ಕಣ್ಣು ಮಂಜಾಗಾಕತ್ತಾವ. ಅಕ್ಷರ ಕಾಣವಲ್ಲವು. ಯಾರರ ಅದೀರೇನು?’

ಯಾರಾದರೂ ಇದ್ದೀರಾ ಎಂಬ ಆ ಪ್ರಶ್ನೆಯ ಕೆಳಗೆ ಒಂದು ಉತ್ತರವೂ ಇರಲಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಈಗ ಉತ್ತರ ಬರೆದರೆ ಓದುವವರು ಯಾರು? ಹೋಗಲೇಬೇಕು ಎಂದುಕೊಂಡೆ. ಗುಂಪಿನ ಹಳೆಯ ಬರಹಗಳನ್ನೆಲ್ಲ ಪ್ರಿಂಟ್ ಹಾಕಿಸಿ ಚೀಲಕ್ಕೆ ತುಂಬಿದೆ.

ಹೆಂಗಸರಿಗೆ ಬಸ್ಸಿನ ಟಿಕೆಟ್ ಪುಕ್ಕಟೆ ನಿಜ, ಆದರೆ ಊರ ಹೆಸರನ್ನು ಬಾಯಿಬಿಟ್ಟು ಹೇಳಲೇಬೇಕಲ್ಲ. ಕಂಡಕ್ಟರ್ “ಎಲ್ಲಿಗ್ರಿ?” ಎಂದ. ಕಮಲಾಪುರದ ‘ಕ’ ಬರುವ ಲಕ್ಷಣವೇ ಇರಲಿಲ್ಲ. ಆಧಾರ್ ಕಾರ್ಡ್ ತೋರಿಸಿ, ಸಲೀಸಾಗಿ ಬಾಯಿಗೆ ಬಂದ, ಅದರಾಚೆಯ ಹುಮನಾಬಾದಿಗೆ ಟಿಕೆಟ್ ತೆಗೆದುಕೊಂಡೆ. ಕಮಲಾಪುರದಲ್ಲಿ ಇಳಿಯಹೋದರೆ, “ನಿಮ್ಮೂರು ಇನ್ನಾ ದೂರ ಅದರೀ ಅಮ್ಮಾ, ಇಲ್ಲೆ ಯಾಕ ಇಳೀತೀರಿ?” ಎಂದು ತಡೆದ. “ಮನಸ್ಸು ಬದಲಾತು” ಎಂದು ಸಿಡುಕಿ ಇಳಿದೆ. ಪಾಪ, ಅವನದೇನು ತಪ್ಪು.

ನಿಲ್ದಾಣದ ಎದುರು ಕೆಂಪು ಬಾಳೆಹಣ್ಣು ಮಾರುತ್ತಿದ್ದವಳನ್ನು ಗಿರಣಿ ಎಲ್ಲಿ ಎಂದು ಕೇಳಿದೆ.

“ಯಾವ ಗಿರಣಿರೀ? ಇಲ್ಲೆ ಮೂರ್ನಾಕು ಅದಾವ.”

ಅಕ್ಕನ ಹೆಸರೇ ನನಗೆ ಗೊತ್ತಿಲ್ಲ! ಏನೋ ವಿವರಿಸಹೋಗಿ ‘ಅ... ಅ...’ ಎಂದು ನಿಂತೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

“ನಿಮ್ಮಂಗೇ ಮಾತಾಡ್ತಾರಲ್ಲ, ಆ ಅಕ್ಕಾರೇನ್ರೀ? ಹಿಂದಿನ ಓಣ್ಯಾಗ, ನೀಲಿ ಬಾಗಿಲು.”

ಬೇರೆ ದಿನವಾಗಿದ್ದರೆ ಆ ಮಾತಿಗೆ ಉರಿದುಬೀಳುತ್ತಿದ್ದೆ. ಅವತ್ತು ಅವಳಿಗೆ ಕೈ ಮುಗಿಯಬೇಕೆನ್ನಿಸಿತು.

ಗಿರಣಿಯನ್ನು ಯಾರೋ ಹೆಣ್ಣುಮಗಳು ನಡೆಸುತ್ತಿದ್ದಳು. ಹೊರಗಿನ ಕಟ್ಟೆಯ ಮೇಲೆ ಕಪ್ಪು ಕನ್ನಡಕದ, ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಕೂತು ಜೋಳದಲ್ಲಿ ಕಲ್ಲನ್ನು ಬೆರಳಲ್ಲೇ ಹುಡುಕಿ ತೆಗೆಯುತ್ತಿದ್ದರು. ಎದುರು ನಿಂತು “ಅಕ್ಕಾ” ಎನ್ನಹೋದೆ, ‘ಅ... ಅ...’ ಎಂದೇ ನಿಂತಿತು. ಅವರ ಕೈ ನಿಂತಿತು. ಅಂಥ ತಡೆಯನ್ನು ಗುರುತಿಸಲು ಅವರಿಗೆ ಕಣ್ಣು ಬೇಕಿರಲಿಲ್ಲ. ಗುಂಪಿನಲ್ಲಿ ಅಷ್ಟು ಹತ್ತಿರದವಳು ನಾನೊಬ್ಬಳೇ.

“ಖೂ... ಖೂ... ಖೂಬಾ ಪ್ಲಾಟ?”

ನಾನು ಅವರ ಕೈ ಹಿಡಿದು ಅತ್ತುಬಿಟ್ಟೆ. ಅವರು ಜೋಳದ ಮೊರವನ್ನು ಬದಿಗೆ ಸರಿಸಿ ಕೂಡಲು ಜಾಗ ಮಾಡಿದರು. ಸಕ್ಕರೆ ಕಾಯಿಲೆ ಕಣ್ಣಿಗೆ ಬಂದಿತ್ತಂತೆ. ಮನೆಯವರು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ಆದರೆ ಈ ಗುಂಪಿನ ವಿಷಯ ಅವರಲ್ಲಿ ಯಾರಿಗೂ ಗೊತ್ತಿಲ್ಲ.

ಗುಂಪಿನ ಬರಹಗಳನ್ನೆಲ್ಲ ತಂದಿದ್ದೇನೆ ಎಂದೆ. “ಓ... ಓದು,” ಎಂದರು ಚೀಲ ಮುಟ್ಟಿ.

ಶಾಲೆ ಬಿಟ್ಟ ಮೇಲೆ ನಾನು ಯಾರೆದುರೂ ಗಟ್ಟಿಯಾಗಿ ಓದಿದವಳಲ್ಲ. ಅವತ್ತು ಓದಿದೆ. ನಾಲ್ಕು ಸಾಲಿಗೆ ಒಂದು ಲೋಟ ಚಹಾ ತಣ್ಣಗಾಗುವಷ್ಟು ಹೊತ್ತು ಹಿಡಿಯಿತು. ರಾಯಚೂರಿನವರ ಮಾವನ ಕಥೆಗೆ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಹುಬ್ಬಳ್ಳಿಯವರು ಈಗ ಎಲ್ಲಿದ್ದಾರೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ನಿಧಾನವಾಗಿ ಕೇಳಿದರು, “ಕ... ಕಡೀಕ ನಾ ‘ಯಾರರ ಅದೀರೇನು?’ ಅಂತ ಬರದಿದ್ದೆ. ಅದಕ್ಕ ಯಾರರ ಏನರ ಬರದಾರೇನು?”

ನಾನು ಸುಮ್ಮನಾದೆ. ನನ್ನ ಮಾತು ಸಿಕ್ಕಿಕೊಂಡಿದೆ ಎಂದು ತಿಳಿದು ಅಕ್ಕ ಸಮಾಧಾನದಿಂದ ಕಾದರು. ಸಿಕ್ಕಿಕೊಂಡಿರಲಿಲ್ಲ. ಎಲ್ಲರೂ ಬರೆದಿದ್ದಾರೆ, ನಿಮ್ಮನ್ನು ಕೇಳಿದ್ದಾರೆ ಎಂದು ಹಾಳೆ ನೋಡುತ್ತ ಓದಿಬಿಡಬಹುದಿತ್ತು. ಅವರಿಗೆ ಹೇಗೆ ತಿಳಿಯಬೇಕು?

“ಯಾರೂ ಬರೀಲಿಲ್ರೀ ಅಕ್ಕಾ,” ಎಂದೆ. “ನಾನೂ ಬರೀಲಿಲ್ಲ. ನೋಡೇ ಇದ್ದಿಲ್ಲ.”

ಅಕ್ಕ ಮೊರವನ್ನು ಎಳೆದುಕೊಂಡು, ಜೋಳದಲ್ಲಿ ಒಂದು ಕಲ್ಲು ಹುಡುಕಿ ಎಸೆದರು. ಆಮೇಲೆ ನನ್ನ ಕಡೆ ಮುಖ ತಿರುಗಿಸಿದರು.

“ಹಂಗಾದ್ರ ಈ... ಈಗ ಹೇಳು.”

ನಾನು ಬಾಯಿ ತೆರೆದೆ. ಅ... ಅ... ಎಂದು ಮೂರು ಸಲ ನಿಂತಿತು. ಅಕ್ಕ ಕಾಯುತ್ತಿದ್ದರು.

“ಅದೀನ್ರೀ ಅಕ್ಕಾ,” ಎಂದೆ.