ಗುಂಡಿಗೂ ಬೇಕು ಬಾಣಂತಿ ಪಥ್ಯ

ಸಂತೇಬೆನ್ನೂರಿನಲ್ಲಿ ಇನ್ನೂ ಮಂಜು ಹರಿದಿಲ್ಲ. ಸರ್ವಮಂಗಳಮ್ಮನವರ ಹಿತ್ತಿಲಲ್ಲಿ ಮೇಸ್ತ್ರಿ ಉಚ್ಚಂಗೆಪ್ಪ ಆಗಲೇ ಮೊಣಕೈವರೆಗೆ ಸಗಣಿ ಮಾಡಿಕೊಂಡು ಗೋಬರ್ ಗ್ಯಾಸಿನ ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಗ್ಯಾಸು ತುಂಬಿದಾಗ ಮೇಲೇಳಬೇಕಾದ ಕಬ್ಬಿಣದ ಡ್ರಮ್ಮು ತಳಕ್ಕಿಳಿದು ಕೂತಿದೆ. ಗೋಡೆಗೊಂದು ಹಾರೆ ಒರಗಿದೆ. ಗುಂಡಿ ಒಡೆದು ಮುಚ್ಚಲೆಂದೇ ಮನೆಯವರು ಅದನ್ನು ತರಿಸಿದ್ದಾರೆ.

“ನಿನ್ನ ಮಾತು ಕೇಳಿ ಕೆಟ್ಟೆ ನೋಡು ಉಚ್ಚಂಗೆಪ್ಪ,” ಎನ್ನುತ್ತಾರೆ ಸರ್ವಮಂಗಳಮ್ಮ. “ಮನ್ಯಾಗೆ ಮಗಳು ಬಾಣಂತಿ. ಗ್ಯಾಸು ನಿಂತು ಸೌದೆ ಹಚ್ಚಿದ್ರೆ ಹೊಗೆಗೆ ಕೂಸು ಕೆಮ್ಮತೈತೆ. ಈಗ ಸಿಲಿಂಡರ್ ಬಂದೈತಲ್ಲ, ಇದನ್ನ ಮುಚ್ಚಿಬಿಡ್ತೀವಿ.”

ಈ ಗುಂಡಿ ಕಟ್ಟಿದವರು ಉಚ್ಚಂಗೆಪ್ಪನವರೇ. ಊರಿನ ಮೊದಲ ಗುಂಡಿ ಇದು. ಗುಂಡಿ ಕಟ್ಟಿಸಬೇಕೆನ್ನುವವರು ಮೊದಲು ನೋಡಲು ಬರುವುದು ಈ ಹಿತ್ತಿಲಿಗೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಅತ್ತ ಜಗಳೂರಿನವರೆಗೂ ಸೈಕಲ್ಲು ತುಳಿದು, ಬಸ್ಸು ಹತ್ತಿ ಉಚ್ಚಂಗೆಪ್ಪ ಸಾರುವುದು ಒಂದೇ ಮಾತು: ಮನೆಗೆ ಎರಡು ಒಲೆ ಇರಲಿ. ಸಗಣಿ ಗ್ಯಾಸಿನಲ್ಲಿ ಅಡುಗೆ, ದೀಪ. ಚಳಿಗೆ ಅದು ಸೊರಗಿದಾಗ ನೀರು ಕಾಯಿಸಲು ಸಿಲಿಂಡರ್. ಇದೇ ಗುಂಡಿ ಮುಚ್ಚಿದರೆ ಆ ಮಾತನ್ನು ಯಾರು ನಂಬುತ್ತಾರೆ?

“ಸಿಲಿಂಡರ್ ಬ್ಯಾಡ ಅನ್ನಲ್ಲ ಅಮ್ಮಾರೆ. ಮುಗುದ್ರೆ ಇನ್ನೊಂದು ಬರಾಕೆ ಯಾವ ಕಾಲವೋ! ಎರಡೂ ಅಣ್ಣತಮ್ಮ ಇದ್ದಂಗೆ. ಒಬ್ಬ ಬಿದ್ರೆ ಇನ್ನೊಬ್ಬ ಎತ್ತತಾನೆ.”

ಬಾವಿ ಕಟ್ಟುವವರಿಗೆ ಗಾರೆ ಹೊತ್ತು ಕೈ ಪಳಗಿಸಿಕೊಂಡವರು ಉಚ್ಚಂಗೆಪ್ಪ. ಗೋಬರ್ ಗ್ಯಾಸು ಹೊಸದಾಗಿ ಬಂದಾಗ “ಸಗಣಿ ಉರಿಯಾಗೆ ಅನ್ನ ಮಾಡಾಕಾಗತೈತಾ?” ಎಂದು ಜನ ಮೂಗು ಮುರಿದರು. ಹಾಗೆಂದವರ ಒಲೆಯಲ್ಲಿ ಉರಿಯುತ್ತಿದ್ದದ್ದು ಅದೇ ಸಗಣಿಯ ಕುಳ್ಳು! ಅದನ್ನು ನೆನೆದರೆ ಉಚ್ಚಂಗೆಪ್ಪನವರಿಗೆ ಇವತ್ತಿಗೂ ನಗು.

ಈಗ ನಗುವಿಲ್ಲ. ಗುಂಡಿಯ ಬಗ್ಗಡವನ್ನು ಬೊಗಸೆಯಲ್ಲೆತ್ತಿ ಮೂಸುತ್ತಾರೆ. ಬಣ್ಣ ಕೆಂಪಗಿದೆ.

“ಅಡಿಕೆ ಬೇಯಿಸಿದ ಚೊಗರು ಸುರುವೀರೇನ್ರಿ?”

“ಮತ್ತೆ? ಮನೇದು ಏನೂ ಬಿಸಾಕಬ್ಯಾಡ್ರಿ, ಗುಂಡಿಗೆ ಹಾಕ್ರಿ ಅಂದೋನು ನೀನೇ!”

ಸಗಣಿ ಕೈಯೆಂಬುದನ್ನೂ ಮರೆತು ಉಚ್ಚಂಗೆಪ್ಪ ತಲೆ ಕೆರೆದುಕೊಳ್ಳುತ್ತಾರೆ. ಅಂದದ್ದು ನಿಜ. ಆ ಒಗರು ನೀರಿಗೆ ಗುಂಡಿಯ ಹೊಟ್ಟೆ ಕೆಟ್ಟಿದೆ.

“ತಪ್ಪು ನಂದೇ ಅಮ್ಮಾರೆ. ಇನ್ನೊಂದು ಸೋಮವಾರದತನಕ ತಡೀರಿ. ಉರಿ ಬರದಿದ್ರೆ ಹಾರೆ ನಾನೇ ಹಿಡೀತೀನಿ.”

ಕೆಟ್ಟ ಬಗ್ಗಡವನ್ನು ತಾವೇ ಎತ್ತಿ ಹೊರಹಾಕುತ್ತಾರೆ. ಪಕ್ಕದ ಬೀದಿಯ ಮೂಕಮ್ಮನವರ ಮನೆಯಲ್ಲಿ ಗ್ಯಾಸು ಚೆನ್ನಾಗಿದೆ. ಅಲ್ಲಿನ ಗುಂಡಿಯಿಂದ ಕೊಡಗಟ್ಟಲೆ ಬಗ್ಗಡ ತಂದು, ಹಾಲಿಗೆ ಹೆಪ್ಪು ಹಾಕಿದಂತೆ, ಇಲ್ಲಿಗೆ ಸುರಿಯುತ್ತಾರೆ. ದಿನವೂ ಬಂದು ಹೊಸ ಸಗಣಿ ಕಲಸುತ್ತಾರೆ. ಅಷ್ಟು ದಿನವೂ ಬಾಣಂತಿಯ ನೀರು ಕಾಯುವುದು ಸಿಲಿಂಡರಿನಲ್ಲಿ.

ಸೋಮವಾರ ಬೆಳಗ್ಗೆ ನೀರು ಉಗುರುಬೆಚ್ಚಗಾಗುವಷ್ಟರಲ್ಲಿ ಸಿಲಿಂಡರ್ ಖಾಲಿ! ಒಳಗೆ ಕೂಸಿಗೆ ಎಣ್ಣೆ ಹಚ್ಚಿಯಾಗಿದೆ. ಉಚ್ಚಂಗೆಪ್ಪ ಹಿತ್ತಿಲಿಗೆ ಓಡುತ್ತಾರೆ. ಡ್ರಮ್ಮು ಒಂದು ಮೊಳ ಮೇಲೆದ್ದಿದೆ. “ಕಡ್ಡಿ ಗೀರ್ರಿ ಅಮ್ಮಾರೆ!” ಸಗಣಿ ಗ್ಯಾಸಿನ ಒಲೆ ಭುಸ್ಸೆಂದು ನೀಲಿಯಾಗಿ ಹತ್ತಿಕೊಳ್ಳುತ್ತದೆ. ಸರ್ವಮಂಗಳಮ್ಮ ನೀರಿನ ಪಾತ್ರೆಯನ್ನು ಆ ಒಲೆಗೆ ಏರಿಸುತ್ತಾರೆ.

ಇನ್ನು ಮೇಲೆ ಉಚ್ಚಂಗೆಪ್ಪ ಎಲ್ಲಿ ಗುಂಡಿ ಕಟ್ಟಿದರೂ ಹೆಂಗಸರಿಗೆ ಹೇಳುವುದು ಇಷ್ಟೇ: “ಬಾಣಂತಿಗೆ ಕೊಡದಿದ್ದನ್ನ ಗುಂಡಿಗೂ ಕೊಡಬ್ಯಾಡ್ರಿ.” ಬೇರೆ ವಿವರಣೆ ಯಾರೂ ಕೇಳುವುದಿಲ್ಲ.

ಅವರ ಸ್ವಂತ ಮನೆಯಲ್ಲಿ ಗುಂಡಿಯಿಲ್ಲ. ಹೆಂಡತಿ ಗಿಡ್ಡಮ್ಮ ಇನ್ನೂ ಸೌದೆ ಒಲೆ ಊದುತ್ತಾರೆ. “ಒಂದೆರಡು ದನ ಕಟ್ಟಿದ್ರೆ ಆಕೀಗೂ ಒಂದು ಕಟ್ಟಿಕೊಡಬೇಕು ಅಂತ ಆಸೆ,” ಎನ್ನುತ್ತಾರೆ ಆ ಬೆಳಗ್ಗೆ ಹಿತ್ತಿಲಲ್ಲಿ ಕೈ ತೊಳೆಯುತ್ತ.

ಸರ್ವಮಂಗಳಮ್ಮ ಗೋಡೆಗೊರಗಿದ್ದ ಹಾರೆಯನ್ನು ತಂದು ಅವರ ಮುಂದಿಡುತ್ತಾರೆ.

“ಒಯ್ಯಿ ಇದನ್ನ. ಗುಂಡಿ ತೋಡಾಕೆ ಬೇಕಾಗತೈತೆ.”